ಫೋರ್ ವ್ಹೀಲ್ ಡೀಸೆಲ್ ಗಾಡಿ ಜೋರಾಗಿ ಎತ್ತುವಾಗ ಸ್ಟೇರಿಂಗ್ ಯಾಕೆ ಮಾತು ಕೇಳುವುದಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ನನ್ನ ಗ್ಯಾರೇಜಿಗೆ ಮುಂಭಾಗದ ಕೆಲಸಕ್ಕೆಂದು ಬರುವ ಫೋರ್ ವ್ಹೀಲ್ ಗಾಡಿಗಳಲ್ಲಿ ಮೂರು ಬಗೆ. ಜೇವರ್ಗಿ, ಅಫಜಲಪುರ ಕಡೆಯ ಎರೆ ಹೊಲಗಳಿಗೆ ಹೋಗಿಬರುವ ಬೊಲೆರೊ ಕ್ಯಾಂಪರ್ ಮತ್ತು ಹಳೆ ಮಹೀಂದ್ರ ಜೀಪುಗಳು ಒಂದು. ಶಹಾಬಾದ್, ಚಿತ್ತಾಪುರದ ಫರ್ಸಿ ಕಲ್ಲಿನ ಖಣಿಗಳಲ್ಲಿ ದುಡಿಯುವ ಗಾಡಿಗಳು ಇನ್ನೊಂದು. ಹುಡುಗರು ಇಂಜಿನ್ ಪವರ್ ಏರಿಸಿ, ದೊಡ್ಡ ಟೈರು ಹಾಕಿಸಿಕೊಂಡು ತರುವ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಮೂರನೆಯದು. ಮೂವರ ದೂರೂ ಒಂದೇ. ಸಾವಕಾಶ ಹೊರಟರೆ ಗಾಡಿ ನೆಟ್ಟಗಿರುತ್ತದೆ, ಜೋರಾಗಿ ಎತ್ತಿದಾಗ, ಅಂದರೆ ಒಮ್ಮೆಲೇ ರೇಸ್ ಕೊಟ್ಟು ಹೊರಡಿಸಿದಾಗ ಮಾತ್ರ ಸ್ಟೇರಿಂಗ್ ಕೈಯಲ್ಲಿ ಉಳಿಯುವುದಿಲ್ಲ. ಹೀಗೆ ಎತ್ತುವುದಕ್ಕೆ ನಾನು ಲಾಂಚ್ ಎನ್ನುತ್ತೇನೆ. ಗ್ಯಾರೇಜಿನಲ್ಲಿ ನಿಂತು ಕೇಳಿದ, ಫೋನಿನಲ್ಲಿ ಕೇಳಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

"ಲಾಂಚ್ ಲಾಂಚ್ ಅಂತೀರಲ್ರಿ ಉಸ್ತಾದ್ರ, ಹಂಗಂದ್ರ ಏನು?"

ನಿಂತ ಗಾಡಿಯ ನಾಲ್ಕೂ ಗಾಲಿಗೆ ಒಮ್ಮೆಲೇ ಬಲ ಕೊಟ್ಟು ಮುಂದಕ್ಕೆ ಚಿಮ್ಮಿಸುವುದು. ಅಮೆರಿಕದಲ್ಲಿ ಡೀಸೆಲ್ ಪಿಕಪ್‌ಗಳನ್ನು ಡ್ರ್ಯಾಗ್ ರೇಸಿನಲ್ಲಿ, ಭಾರದ ಸ್ಲೆಡ್ ಎಳೆಯುವ ಸ್ಪರ್ಧೆಯಲ್ಲಿ ಹೀಗೆ ಎತ್ತುತ್ತಾರೆ. ನಮ್ಮ ಕಡೆ ಸ್ಪರ್ಧೆ ಕಡಿಮೆ, ಹೊರೆ ಕಡಿಮೆಯಲ್ಲ. ತೊಗರಿ ಚೀಲ ತುಂಬಿದ ಟ್ರಾಲಿ ಹೊಲದ ಬದು ದಾಟಿಸುವುದು, ಖಣಿಯೊಳಗಿಂದ ಏರು ಹತ್ತಿಸುವುದು, ಹೂತ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಜಗ್ಗುವುದು, ಇವೆಲ್ಲ ಲಾಂಚೇ. ಮುಂದಿನ ಗಾಲಿಗಳನ್ನು ಸ್ಟೇರಿಂಗಿಗೆ ಜೋಡಿಸುವ ಕಡ್ಡಿಯಾದ ಟೈರಾಡಿನ (ಟೈ ರಾಡ್) ಮೇಲೆ ಬೀಳುವ ಪೆಟ್ಟು ಎಲ್ಲ ಕಡೆಯೂ ಒಂದೇ ಜಾತಿಯದು.

"ಸಾವಕಾಶ ಹೋದ್ರ ಏನೂ ಇಲ್ಲ. ಒಮ್ಮಿಗೇ ರೇಸ್ ಕೊಟ್ರ ಸ್ಟೇರಿಂಗ್ ಬಲಕ್ಕ ಎಳೀತದ. ಯಾಕ?"

ಟೂ ವ್ಹೀಲಿನಲ್ಲಿ ಓಡುವಾಗ ಮುಂದಿನ ಗಾಲಿಗಳು ಸುಮ್ಮನೆ ಉರುಳುತ್ತವೆ. ನೆಲ ಅವನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ, ಹಾಗಾಗಿ ಅವುಗಳ ಮೂಗು ಸ್ವಲ್ಪ ಹೊರಕ್ಕೆ ಬಾಗುತ್ತದೆ. ಫೋರ್ ವ್ಹೀಲ್ ಹಾಕಿ ಎತ್ತಿದ ಕೂಡಲೇ ಅದೇ ಗಾಲಿಗಳು ಗಾಡಿಯನ್ನು ಎಳೆಯತೊಡಗುತ್ತವೆ. ಗಾಲಿ ತಿರುಗುವ ಕೀಲಿನ ಗೆರೆ ಒಳಗಡೆ, ಟೈರು ಅದರ ಹೊರಗಡೆ. ಹೊರಗಿನ ಟೈರು ಮುಂದಕ್ಕೆ ನುಗ್ಗಿದಾಗ ಗಾಲಿಯ ಮೂಗು ಒಳಕ್ಕೆ ತಿರುಗುತ್ತದೆ. ಎರಡೂ ಗಾಲಿ ಒಂದನ್ನೊಂದು ನೋಡಲು ಹೊರಡುತ್ತವೆ, ನಡುವೆ ಅವನ್ನು ತಡೆದಿರುವುದು ಟೈರಾಡ್ ಒಂದೇ.

ಬಲ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. 1.9 ಲೀಟರ್ ವಿ-ಕ್ರಾಸ್ ಇಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) 360 ನ್ಯೂಟನ್ ಮೀಟರ್. ಮೊದಲ ಗೇರಿನಲ್ಲಿ ಸುಮಾರು 4 ಪಟ್ಟು, ಡಿಫರೆನ್ಷಿಯಲ್‌ನಲ್ಲಿ ಮತ್ತೆ ಸುಮಾರು 4 ಪಟ್ಟು ಎಂದಿಟ್ಟುಕೊಂಡರೆ ಗಾಲಿಗಳಿಗೆ ಮುಟ್ಟುವುದು 5,760. ಅದರಲ್ಲಿ ಮೂರನೇ ಒಂದು ಪಾಲು ಮುಂದಕ್ಕೆ ಹೋದರೂ ಮುಂದಿನ ಎರಡು ಟೈರು ಸೇರಿ ಸುಮಾರು 500 ಕೆ.ಜಿ. ಬಲದಿಂದ ಎಳೆಯುತ್ತವೆ. ಫೋರ್ ಲೋ, ಅಂದರೆ ಫೋರ್ ವ್ಹೀಲಿನ ನಿಧಾನದ ಗೇರು ಹಾಕಿದರೆ ಅದು ಇನ್ನೂ ಎರಡೂವರೆ ಪಟ್ಟು ಏರಬಹುದು.

ಇನ್ನು ಬಲಕ್ಕೇ ಯಾಕೆ ಎಳೆಯಿತು ಎಂಬುದು. ಎರಡೂ ಕಡೆ ಸಮ ಗಟ್ಟಿ ಇದ್ದರೆ ಒಂದರ ಬಲ ಇನ್ನೊಂದಕ್ಕೆ ವಜಾ ಆಗುತ್ತದೆ. ಎಡಗಡೆ ಸಡಿಲವಿದ್ದರೆ ಎಡ ಗಾಲಿ ಹೆಚ್ಚು ಒಳಕ್ಕೆ ತಿರುಗುತ್ತದೆ, ಒಳಕ್ಕೆ ಎಂದರೆ ಬಲಕ್ಕೆ. ಆದ್ದರಿಂದ ಗಾಡಿ ಬಲಕ್ಕೆ ಎಳೆದರೆ ನಾನು ಮೊದಲು ಮಲಗುವುದು ಎಡಗಡೆ. ಬಹಳ ಸಲ ತಪ್ಪು ಸಿಗುವುದೂ ಅಲ್ಲೇ. ಅದಕ್ಕೂ ಮುಂಚೆ ಎರಡೂ ಟೈರಿನ ಹವಾ ಸಮ ಇದೆಯೇ ನೋಡಿಕೊಳ್ಳಿ.

"ಮನ್ನೆನೇ ಅಲೈನ್‌ಮೆಂಟ್ ಮಾಡಿಸೀನ್ರಿ, ಕಂಪ್ಯೂಟರ್ದಾಗ ಎಲ್ಲಾ ಹಸಿರು ತೋರಸ್ತು. ಮತ್ತ್ಯಾಕ ಹಿಂಗ?"

ಕಂಪ್ಯೂಟರ್ ಸುಳ್ಳು ಹೇಳಿಲ್ಲ. ಅದು ಅಳೆದದ್ದು ನಿಂತ ಗಾಡಿಯನ್ನು. ನಿಮ್ಮ ಗಾಡಿ ಕೆಡುವುದು ಎಳೆಯುವಾಗ. ಬಾಲ್ ಜಾಯಿಂಟಿನಲ್ಲಿ (ಗಾಲಿ ತಿರುಗುವ ಗುಂಡು ಕೀಲು), ಲೋವರ್ ಆರ್ಮಿನ (ಗಾಲಿಯನ್ನು ಚಾಸಿಗೆ ಹಿಡಿದಿರುವ ಕೆಳಗಿನ ತೋಳು) ಬುಶ್ಶಿನಲ್ಲಿ ಎರಡೆರಡು ಮಿ.ಮೀ. ಪ್ಲೇ, ಅಂದರೆ ಸಡಿಲಾಟ ಇದ್ದರೂ ನಿಂತಾಗ ಎಲ್ಲವೂ ಒಂದು ಕಡೆ ಒರಗಿ ಕೂತಿರುತ್ತವೆ, ಅಂಕಿ ಸರಿಯಾಗಿಯೇ ಬರುತ್ತದೆ. ಬಲ ಬಿದ್ದಾಗ ಎಲ್ಲವೂ ಇನ್ನೊಂದು ಕಡೆಗೆ ಹಾರುತ್ತವೆ.

ಇದನ್ನು ಗ್ಯಾರೇಜಿನಲ್ಲೇ ತೋರಿಸುವ ಒಂದು ದಾರಿ ಇದೆ, ನಾನು ಪ್ರತಿ ಗಾಡಿಗೂ ಮಾಡುತ್ತೇನೆ. ಸಪಾಟು ನೆಲದಲ್ಲಿ ಎರಡು ತಗಡು, ನಡುವೆ ಗ್ರೀಸ್ ಸವರಿ ಒಂದೊಂದು ಮುಂದಿನ ಗಾಲಿಯ ಕೆಳಗೆ ಇಡಿ. ಗಾಲಿ ಎತ್ತಿ ತಿರುಗಿಸುತ್ತ ಟೈರಿನ ನಡುವೆ ಸೀಮೆಸುಣ್ಣ ಬಳಿದು ಮೊಳೆಯಿಂದ ಸಣ್ಣ ಗೆರೆ ಎಳೆದಿಟ್ಟುಕೊಂಡಿರಿ. ಈಗ ಆ ಗೆರೆಗಳ ನಡುವಿನ ಅಂತರವನ್ನು ಟೇಪಿನಿಂದ ಮುಂದೆ ಅಳೆಯಿರಿ, ಹಿಂದೆ ಅಳೆಯಿರಿ, ಬರೆದಿಡಿ. ಆಮೇಲೆ ಲಗೇಜ್ ಕಟ್ಟುವ ರ‍್ಯಾಚೆಟ್ ಬೆಲ್ಟನ್ನು ಎರಡೂ ಟೈರಿನ ಮುಂಭಾಗಕ್ಕೆ ಹಾಕಿ ಒಂದನ್ನೊಂದರ ಕಡೆಗೆ ಜಗ್ಗಿ ಬಿಗಿಯಿರಿ. ಮತ್ತೆ ಅಳೆಯಿರಿ. ಗಟ್ಟಿ ಇರುವ ಗಾಡಿಯಲ್ಲಿ ಅಂಕಿ ಹೆಚ್ಚೂಕಡಿಮೆ ಅಲ್ಲೇ ನಿಲ್ಲುತ್ತದೆ. 3 ಮಿ.ಮೀ.ಗಿಂತ ಹೆಚ್ಚು ಬದಲಾದರೆ ನಾನು ಆ ಗಾಡಿಗೆ ಅಲೈನ್‌ಮೆಂಟ್ ಮಾಡುವುದಿಲ್ಲ, ಮೊದಲು ಸಡಿಲು ಹುಡುಕುತ್ತೇನೆ. ಮೊನ್ನೆ ಒಂದು ಕ್ಯಾಂಪರಿನಲ್ಲಿ 9 ಮಿ.ಮೀ. ಬಂತು. ಬೆಲ್ಟ್ ಬಿಗಿಯುತ್ತ ಹೋದಂತೆ ಟೈರಾಡ್ ಎಂಡಿನ ರಬ್ಬರಿನಿಂದ ತುಕ್ಕಿನ ಕೆಂಪು ನೀರು ತೊಟ್ಟಿಕ್ಕಿತು. ಮಾಲೀಕರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು, ಮುಂದೆ ನಾನು ಏನೂ ವಿವರಿಸಬೇಕಾಗಲಿಲ್ಲ.

"ಫೋರ್ ಹೈ ಹಾಕಿ ಡಾಂಬರ್ ರೋಡಿನ್ಯಾಗ ಹೊಳ್ಳಿಸಿದ್ರ ಸ್ಟೇರಿಂಗ್ ಬಿಗಿ ಆಗ್ತದ, ಗಾಡಿ ಜಗ್ಗಿದಂಗ ಆಗ್ತದ. ಏನು ಕೆಟ್ಟದ?"

ಏನೂ ಕೆಟ್ಟಿಲ್ಲ. ನಮ್ಮಲ್ಲಿ ಓಡುವ ಬಹುತೇಕ ಪಿಕಪ್‌ಗಳ ಫೋರ್ ವ್ಹೀಲ್ ಮುಂದಿನ ಮತ್ತು ಹಿಂದಿನ ಶಾಫ್ಟನ್ನು ಗಟ್ಟಿಯಾಗಿ ಜೋಡಿಸಿಬಿಡುತ್ತದೆ, ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಮಣ್ಣಿನಲ್ಲಿ ಟೈರು ಜಾರಿ ಸರಿಮಾಡಿಕೊಳ್ಳುತ್ತದೆ, ಒಣ ಡಾಂಬರಿನಲ್ಲಿ ಜಾರಲು ಬಿಡುವುದಿಲ್ಲ. ಆ ಎಳೆದಾಟ ಶಾಫ್ಟು, ಗೇರು, ಸ್ಟೇರಿಂಗ್ ಮೇಲೆ ಕೂರುತ್ತದೆ. ಒಣ ರಸ್ತೆಗೆ ಬಂದ ಕೂಡಲೇ ಟೂ ವ್ಹೀಲಿಗೆ ಹಾಕಿ. ಮುಂದೆ ಸವೆದ ಟೈರು, ಹಿಂದೆ ಹೊಸ ಟೈರು ಇದ್ದರೆ ನೇರ ರಸ್ತೆಯಲ್ಲೂ ಇದೇ ಬಿಗಿತ ಬರುತ್ತದೆ.

"ಹೊಲದಿಂದ ಬಂದ ಮ್ಯಾಲ 70ರಾಗ ಸ್ಟೇರಿಂಗ್ ನಡುಗ್ಲತದ, ಟೈರಾಡ್ ಹೋಯ್ತೇನ್ರಿ?"

ಮೊದಲು ಗಾಲಿ ತೊಳೆಯಿರಿ. ಎರೆ ಮಣ್ಣು ಹಸಿ ಇದ್ದಾಗ ರಿಮ್ಮಿನ ಒಳಗಡೆ ಮೆತ್ತಿಕೊಂಡು, ಒಣಗಿ ಕಲ್ಲಿನಂತಾಗುತ್ತದೆ. ಹೊರಗಿನಿಂದ ಕಾಣುವುದೇ ಇಲ್ಲ. ಗಾಲಿ ಬಿಚ್ಚಿ ಟಾಮಿಯಿಂದ ಕೆರೆದರೆ ಅಂಗೈ ಅಗಲದ ಹೆಂಟೆಗಳು ಬೀಳುತ್ತವೆ. ನೂರಿನ್ನೂರು ಗ್ರಾಂ ಒಂದೇ ಕಡೆ ಕೂತರೆ ಸ್ಟೇರಿಂಗ್ ನಡುಗಲು ಅಷ್ಟೇ ಸಾಕು. ಬೀದರ್ ಕಡೆಯ ಕೆಂಪು ಮುರುಮಿನಲ್ಲಿ ಈ ತೊಂದರೆ ಕಡಿಮೆ, ಅದು ಉದುರಿಹೋಗುತ್ತದೆ.

"ಪವರ್ ಸ್ಟೇರಿಂಗ್ ಪಂಪ್ ಕೆಟ್ಟಿರಬಹುದಾ?"

ಪಂಪ್ ಕೆಟ್ಟರೆ ಸ್ಟೇರಿಂಗ್ ಭಾರವಾಗುತ್ತದೆ, ತಾನಾಗಿ ಎಳೆಯುವುದಿಲ್ಲ. ಬೆಲ್ಟ್ ಕಿರುಚುತ್ತಿದೆಯೇ, ಆಯಿಲ್ ಕಡಿಮೆಯಾಗಿದೆಯೇ, ನೊರೆ ಬಂದಿದೆಯೇ ನೋಡಿ. ಆಯಿಲ್ ಗಾಡಿಯ ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿ.

## ಗಾಡಿ ಕೆಳಗೆ ಮಲಗಿ ನೋಡುವುದು

"ಪ್ಲೇ ಎಲ್ಲಿ ಅದ ಅಂತ ನಾನೇ ಹೆಂಗ ಹುಡುಕ್ಲಿ?"

ಇಬ್ಬರು ಬೇಕು, ಯಂತ್ರ ಬೇಡ. ನಾಲ್ಕೂ ಗಾಲಿ ನೆಲದ ಮೇಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟಿರಲಿ. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ನಾಲ್ಕು ಬೆರಳಷ್ಟೇ ಆಡಿಸಲಿ. ನೀವು ಕೆಳಗೆ ಮಲಗಿ ಒಂದೊಂದು ಜಾಯಿಂಟನ್ನೂ ಅಂಗೈಯಲ್ಲಿ ಹಿಡಿಯುತ್ತ ಹೋಗಿ. ಕಣ್ಣಿಗಿಂತ ಕೈ ಮೊದಲು ಹೇಳುತ್ತದೆ. ಒಂದು ತುದಿ ಅಲುಗಿ ಇನ್ನೊಂದು ತುದಿ ತಡವಾಗಿ ಅಲುಗಿದರೆ, ಟಿಕ್ ಎಂದು ಬೆರಳಿಗೆ ತಾಗಿದರೆ, ಅದೇ ಜಾಗ. ಸ್ಟೇರಿಂಗ್ ಕಾಲಮ್ಮಿನ ಕೆಳಗಿನ ಕ್ರಾಸ್‌ನಿಂದ ಶುರು ಮಾಡಿ ಸ್ಟೇರಿಂಗ್ ಗೇರ್ ಬಾಕ್ಸ್, ಅದರಿಂದ ಹೊರಟ ತೋಳಾದ ಪಿಟ್‌ಮನ್ ಆರ್ಮ್, ಅದನ್ನು ಗಾಲಿಯ ಕಡೆಗೆ ಜೋಡಿಸುವ ಡ್ರ್ಯಾಗ್ ಲಿಂಕ್, ಇನ್ನೊಂದು ಬದಿಯ ಆಧಾರವಾದ ಐಡ್ಲರ್ ಆರ್ಮ್, ಕೊನೆಗೆ ಟೈರಾಡ್ ಎಂಡ್, ಹೀಗೆ ಸಾಲಾಗಿ ಬನ್ನಿ. ನಡುವೆ ಬಿಟ್ಟು ಹಾರಬೇಡಿ.

ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳನ್ನು ಬಹಳ ಮಂದಿ ನೋಡುವುದೇ ಇಲ್ಲ. ಖಣಿ ಗಾಡಿಗಳಲ್ಲಿ ಅವು ಸಡಿಲಾಗಿರುತ್ತವೆ, ಇಲ್ಲವೇ ಚಾಸಿಯೇ ಆ ಜಾಗದಲ್ಲಿ ಬಿರುಕು ಬಿಟ್ಟಿರುತ್ತದೆ. ಡೀಸೆಲ್ ಹಾಕಿ ಒರೆಸಿ, ಟಾರ್ಚ್ ಅಡ್ಡ ಹಿಡಿದರೆ ಬಿರುಕು ಕಾಣುತ್ತದೆ.

"ಗಾಲಿ ಎತ್ತಿ ಅಲುಗಾಡಿಸಿದ್ರ ಆಡ್ತದ. ಬೇರಿಂಗಾ, ಬಾಲ್ ಜಾಯಿಂಟಾ?"

ಗಾಲಿಯನ್ನು ಗಡಿಯಾರ ಎಂದುಕೊಳ್ಳಿ. 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಮಾತ್ರ ಆಡಿದರೆ ಟೈರಾಡಿನ ಕಡೆ ನೋಡಿ. 12 ಮತ್ತು 6ರಲ್ಲಿ ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಆಗ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲುಗಿಸಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್, ಹಳೆ ಜೀಪಾದರೆ ಅದರ ಜಾಗದಲ್ಲಿರುವ ಕಿಂಗ್ ಪಿನ್. ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಕಂಬಿ) ಲೋವರ್ ಆರ್ಮಿನ ಮೇಲೆ ಕೂತಿರುವ ಗಾಡಿಯಲ್ಲಿ ಜ್ಯಾಕನ್ನು ಚಾಸಿಗಲ್ಲ, ಲೋವರ್ ಆರ್ಮಿನ ಕೆಳಗೇ ಕೊಡಬೇಕು. ಇಲ್ಲದಿದ್ದರೆ ಸ್ಪ್ರಿಂಗಿನ ಒತ್ತಡ ಜಾಯಿಂಟನ್ನು ಬಿಗಿ ಹಿಡಿದು ಪ್ಲೇ ಬಚ್ಚಿಡುತ್ತದೆ.

"ನಮ್ಮಪ್ಪನ ಕಾಲದ ಜೀಪು. ಎತ್ತಿ ಒಂದು ತಗ್ಗು ದಾಟಿದ್ರ ಮುಂದಿನ ಗಾಲಿ ಗಡಗಡ ನಡುಗ್ತಾವ, ನಿಂದ್ರೋತನ ನಿಲ್ಲಂಗಿಲ್ಲ."

ಮುಂದೆ ಇಡೀ ಆಕ್ಸಲ್ ಇರುವ ಗಾಡಿಗಳ ಹಳೆ ರೋಗ ಇದು. ಒಂದು ಗಾಲಿಯ ನಡುಕ ಟೈರಾಡ್ ಮೂಲಕ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ವಾಪಸ್ ಬಂದು ಬೆಳೆಯುತ್ತ ಹೋಗುತ್ತದೆ. ಅಮೆರಿಕದ ಕಮ್ಮಿನ್ಸ್ ಇಂಜಿನ್ನಿನ ಡಾಡ್ಜ್ ಟ್ರಕ್ಕುಗಳಲ್ಲೂ ಇದು ಬಹಳ ಕುಖ್ಯಾತಿ, ಅಲ್ಲಿ ಆಕ್ಸಲನ್ನು ಅಡ್ಡಕ್ಕೆ ಹಿಡಿಯುವ ಟ್ರ್ಯಾಕ್ ಬಾರಿನ ಬುಶ್ಶನ್ನು ಮೊದಲು ನೋಡುತ್ತಾರೆ. ನಮ್ಮ ಪಾಟಾ (ಪಟ್ಟಿ ಸ್ಪ್ರಿಂಗ್) ಜೀಪುಗಳಲ್ಲಿ ಆ ಕೆಲಸ ಪಾಟಾವೇ ಮಾಡುತ್ತದೆ. ಹಾಗಾಗಿ ಪಾಟಾದ ಬುಶ್, ಶ್ಯಾಕಲ್, ಯು-ಬೋಲ್ಟ್ ನೋಡಿ. ಆಮೇಲೆ ಕಿಂಗ್ ಪಿನ್ನಿನ ಬಿಗಿತ. ಟೈರಾಡ್ ಬಿಚ್ಚಿಟ್ಟು ಗಾಲಿ ಕೂತು ತಿರುಗುವ ತುಂಡಾದ ನಕ್ಕಲ್ಲನ್ನು ಕೈಯಿಂದ ತಿರುಗಿಸಿದರೆ ತಡೆದು ತಡೆದು ತಿರುಗಬೇಕು. ತೊಟ್ಟಿಲಿನಂತೆ ತೂಗಿದರೆ ಶಿಮ್ (ತೆಳು ತಗಡು) ತೆಗೆದು ಬಿಗಿ ಮಾಡಬೇಕು.

ಸ್ಟೇರಿಂಗ್ ಡ್ಯಾಂಪರ್ ಹಾಕಿಸಿದರೆ ನಡುಕ ಕಮ್ಮಿಯಾಗುತ್ತದೆ, ನಿಜ. ಸಡಿಲು ಹಾಗೇ ಉಳಿಯುತ್ತದೆ. ಡ್ಯಾಂಪರ್ ಸವೆದ ದಿನ ಮೊದಲಿಗಿಂತ ಜೋರಾಗಿ ಬರುತ್ತದೆ. ರಿಪೇರಿ ಆದ ಮೇಲೆ ಹಾಕಿ, ರಿಪೇರಿಯ ಬದಲು ಹಾಕಬೇಡಿ.

"ಸ್ಟೇರಿಂಗ್ ಫುಲ್ ಹೊಳ್ಳಿಸಿ ಎತ್ತಿದ್ರ ಕಟಕಟ ಸಪ್ಪಳ, ಕೈಗೂ ಝಟ್ಕಾ ಹೊಡೀತದ."

ಸ್ವತಂತ್ರ ಸಸ್ಪೆನ್ಷನ್ ಇರುವ ಗಾಡಿಯಾದರೆ ಗಾಲಿಗೆ ಬಲ ಒಯ್ಯುವ ಶಾಫ್ಟಿನ ಸಿ.ವಿ. ಜಾಯಿಂಟ್ ಸವೆದಿದೆ. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ, ಮಣ್ಣು ಒಳಗೆ ಹೋಗಿರುತ್ತದೆ. ಹಳೆ ಜೀಪಿನಲ್ಲಿ ಕ್ರಾಸ್ ಜಾಯಿಂಟ್ ಇದ್ದರೆ ಅದು ಹೊಸದಿದ್ದರೂ ಸ್ವಲ್ಪ ಝಟ್ಕಾ ಬರುವುದೇ. ಬಾಗಿದ ಕ್ರಾಸ್ ಒಂದೇ ವೇಗದಲ್ಲಿ ತಿರುಗುವುದಿಲ್ಲ, ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಹಿಂದುಳಿಯುತ್ತದೆ.

## ರಿಪೇರಿಯ ಪ್ರಶ್ನೆಗಳು

"ಟೈರಾಡ್ ಬೆಂಡ್ ಆಗ್ಯದ. ಕಾಸಿ ಬಡಿದು ನೆಟ್ಟಗ ಮಾಡಿದ್ರ ನಡೀತದಲ್ರಿ?"

ನಡೆಯುವುದಿಲ್ಲ. ಈ ಒಂದು ಮಾತನ್ನು ದಯವಿಟ್ಟು ಕೇಳಿ.

ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಅಂಗಡಿಯಲ್ಲಿ ಬಾಗಿದ ಟೈರಾಡನ್ನು ಗ್ಯಾಸಿನಲ್ಲಿ ಕೆಂಪಗೆ ಕಾಸಿ, ಕಬ್ಬಿಣದ ದಿಮ್ಮಿಯ ಮೇಲಿಟ್ಟು ಬಡಿದು, ನೀರಿನಲ್ಲಿ ಅದ್ದಿ ಕೊಟ್ಟರು. ಅದನ್ನು ಗಾಡಿಗೆ ಏರಿಸಿದವನು ನಾನೇ. ನೋಡಲು ದಾರದಷ್ಟು ನೆಟ್ಟಗಿತ್ತು. ಎರಡನೇ ದಿನ ಚಿತ್ತಾಪುರ ರಸ್ತೆಯ ಪಕ್ಕ, ಖಣಿಯಿಂದ ಮೇಲೆ ಹತ್ತುವಾಗ ಅದು ಬೆಂಡಾಗಲಿಲ್ಲ, ಮುರಿಯಿತು. ಮುರಿದ ಮುಖ ಸಕ್ಕರೆ ಹಳಕಿನಂತೆ ಹರಳು ಹರಳಾಗಿ ಹೊಳೆಯುತ್ತಿತ್ತು. ಒಂದು ಗಾಲಿ ಎಡಕ್ಕೆ, ಒಂದು ಗಾಲಿ ಬಲಕ್ಕೆ ನೋಡುತ್ತ ಗಾಡಿ ಕಲ್ಲಿನ ರಾಶಿಗೆ ಒರಗಿ ನಿಂತಿತು. ಕಲ್ಲಿನ ರಾಶಿ ಇದ್ದ ಕಡೆಗೆ ಹೋಗಿದ್ದರಿಂದ ಚಾಲಕ ಉಳಿದ, ಇನ್ನೊಂದು ಕಡೆ ಖಣಿಯ ತಗ್ಗಿತ್ತು. ಆ ತುಂಡು ಈಗಲೂ ನನ್ನ ಪಾನಾ ಡಬ್ಬಿಯಲ್ಲಿದೆ.

ಬಾಗುವ ಉಕ್ಕು ಮುಂಚೆ ಸೂಚನೆ ಕೊಡುತ್ತದೆ. ಕಾಸಿ ತಣಿಸಿದ ಉಕ್ಕು ಗಡಸಾಗಿ, ಸೂಚನೆ ಇಲ್ಲದೆ ಒಡೆಯುತ್ತದೆ. ತಾನಾಗೇ ತಣಿಯಲು ಬಿಟ್ಟರೂ ಮೊದಲಿನ ಬಲ ವಾಪಸ್ ಬರುವುದಿಲ್ಲ. ವೆಲ್ಡಿಂಗ್ ಮಾಡಿ ಪಟ್ಟಿ ಹಚ್ಚುವುದೂ ಇದೇ ತಪ್ಪು. ಬಾಗಿದ ಟೈರಾಡ್ ಗುಜರಿಗೆ ಹೋಗಬೇಕು.

"ಒಂದೇ ಕಡಿ ಹೋಗ್ಯದ, ಎರಡೂ ಕಡಿ ಯಾಕ ಬದಲಿಸ್ಬೇಕು?"

ಎರಡೂ ಕಡೆಯ ಟೈರಾಡ್ ಎಂಡ್ ಅಷ್ಟೇ ಕಿಲೋಮೀಟರ್ ಓಡಿವೆ. ಒಂದು ಗಟ್ಟಿ, ಒಂದು ಮೆತ್ತಗೆ ಇದ್ದರೆ ಎತ್ತುವಾಗ ಗಾಡಿ ಓರೆ ಎಳೆಯುವುದು ನಿಲ್ಲುವುದಿಲ್ಲ. ದುಡ್ಡಿನ ತೊಂದರೆ ಇದ್ದರೆ ಬಾಲ್ ಜಾಯಿಂಟಿನಲ್ಲಿ ಒಂದೇ ಕಡೆ ಮಾಡಿ ಕಾಯಬಹುದು, ಟೈರಾಡ್ ಎಂಡಿನಲ್ಲಿ ಬೇಡ.

"ಹೊಸಾ ಟೈರಾಡ್ ಎಂಡ್ ಹಾಕೀನಿ, ತಿಂಗಳಿಗೇ ಸಡಿಲ ಆಯ್ತು."

ಮೂರು ಕಡೆ ತಪ್ಪಾಗುತ್ತದೆ. ಜಾಯಿಂಟಿನ ಶಂಕುವಿನಾಕಾರದ ಕಡ್ಡಿ ಕೂರುವ ತೂತನ್ನು ಒರೆಸದೆ ಗ್ರೀಸ್ ಸಹಿತ ಕೂರಿಸಿರುತ್ತಾರೆ. ಅದು ಒಣಗಿ, ಚೊಕ್ಕವಾಗಿ ಇರಬೇಕು. ಎರಡನೆಯದು ಸ್ಪ್ಲಿಟ್ ಪಿನ್. ನಟ್ ಬಿಗಿದ ಮೇಲೆ ಪಿನ್ನಿನ ತೂತು ಸರಿ ಕೂಡದಿದ್ದರೆ ನಟ್ಟನ್ನು ಸ್ವಲ್ಪ ಸಡಿಲಿಸಿ ಪಿನ್ ಹಾಕುತ್ತಾರೆ. ಹಾಗೆ ಮಾಡಬಾರದು, ಮುಂದಕ್ಕೇ ಬಿಗಿದು ತೂತು ಕೂಡಿಸಬೇಕು. ಮೂರನೆಯದು, ಅಲೈನ್‌ಮೆಂಟ್ ಆದ ಮೇಲೆ ಲಾಕ್ ನಟ್ ಬಿಗಿಯಲು ಮರೆಯುವುದು. ಬಿಗಿದ ನಟ್ಟುಗಳ ಮೇಲೆ ನಾನು ಬಿಳಿ ಪೇಂಟಿನ ಒಂದು ಗೆರೆ ಎಳೆಯುತ್ತೇನೆ, ಗೆರೆ ಮುರಿದರೆ ನಟ್ ತಿರುಗಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ.

"ಟೋ ಎಷ್ಟು ಇಡ್ಲಿ? ಕ್ಯಾಂಬರ್ ಮೊದಲಾ, ಟೋ ಮೊದಲಾ?"

ಹವಾ, ಗಾಡಿಯ ಎತ್ತರ, ಕ್ಯಾಸ್ಟರ್ (ಗಾಲಿ ತಿರುಗುವ ಕೀಲಿನ ಗೆರೆ ಮುಂದಕ್ಕೋ ಹಿಂದಕ್ಕೋ ಬಾಗಿರುವುದು), ಕ್ಯಾಂಬರ್ (ಗಾಲಿಯ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವುದು), ಎಲ್ಲಕ್ಕೂ ಕೊನೆಗೆ ಟೋ (ಗಾಲಿಯ ಮೂಗು ಒಳಕ್ಕೋ ಹೊರಕ್ಕೋ ತಿರುಗಿರುವುದು). ಮೊದಲಿನ ನಾಲ್ಕರಲ್ಲಿ ಯಾವುದನ್ನು ಮುಟ್ಟಿದರೂ ಟೋ ಬದಲಾಗುತ್ತದೆ. ರಸ್ತೆಯಲ್ಲಿ ಹೆಚ್ಚು ಓಡುವ ಗಾಡಿಗೆ ಕಂಪನಿ ಕೊಟ್ಟ ಅಂಕಿಯೇ ಸರಿ. ಎಳೆಯುವಾಗ ಗಾಲಿ ಒಳಕ್ಕೆ ತಿರುಗುತ್ತದೆಂದು ಮುಂಚಿತವಾಗಿಯೇ ಸ್ವಲ್ಪ ಹೊರಕ್ಕೆ ಇಡುವ ಲೆಕ್ಕ ರೇಸಿನ ಗಾಡಿಗಳಲ್ಲಿ ಉಂಟು, ಮುಂದಿನ ಗಾಲಿಯಿಂದಲೇ ಓಡುವ ಕೆಲವು ಕಾರುಗಳಲ್ಲೂ ಉಂಟು. ಆದರೆ ಹಾಗೆ ಇಟ್ಟ ಗಾಡಿ ಹೆದ್ದಾರಿಯಲ್ಲಿ ಅತ್ತಿತ್ತ ಅಲೆಯುತ್ತದೆ. ಹುಮನಾಬಾದ್ ತನಕ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ನಾನು ಅದನ್ನು ಮಾಡಿಕೊಡುವುದಿಲ್ಲ.

## ಎತ್ತರಿಸಿದ, ಪವರ್ ಏರಿಸಿದ ಗಾಡಿಗಳಿಗೆ

"ಮುಂದ 2 ಇಂಚು ಎತ್ತರ ಮಾಡ್ಸೀನಿ, ಆವಾಗಿಂದ ಎತ್ತಿದ್ರ ಗಾಡಿ ಹಾವಿನಂಗ ಹೊಳ್ಳತದ."

ಎತ್ತರ ಮಾಡಿಸುವಾಗ ಚಾಸಿ ಮೇಲೆ ಹೋಯಿತು, ಗಾಲಿ ಕೆಳಗೇ ಉಳಿಯಿತು. ಮಲಗಿದ್ದ ಟೈರಾಡ್ ಈಗ ಇಳಿಜಾರಾಗಿದೆ. ಅದು 25 ಡಿಗ್ರಿ ಬಾಗಿದರೆ ಅದರೊಳಗಿನ ಬಲದಲ್ಲಿ ನೂರಕ್ಕೆ 42 ಪಾಲು ಮೇಲೆ ಕೆಳಗೆ ತಳ್ಳುವುದಕ್ಕೇ ಹೋಗುತ್ತದೆ. ಐಡ್ಲರ್ ಆರ್ಮ್ ಅಂಥ ತಳ್ಳುವಿಕೆಗೆ ಮಾಡಿದ್ದಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಎತ್ತಿದಾಗ ಗಾಡಿಯ ಮೂಗು ಮೇಲೇಳುತ್ತದೆ. ಆಗ ಲೋವರ್ ಆರ್ಮ್ ಒಂದು ಕಮಾನಿನಲ್ಲಿ ಇಳಿಯುತ್ತದೆ, ಟೈರಾಡ್ ಇನ್ನೊಂದು ಕಮಾನಿನಲ್ಲಿ ಇಳಿಯುತ್ತದೆ. ಕಂಪನಿಯ ಎತ್ತರದಲ್ಲಿ ಎರಡೂ ಕಮಾನು ಹೊಂದುವಂತೆ ಮಾಡಿರುತ್ತಾರೆ. ನೀವು ಎತ್ತರಿಸಿದ ಮೇಲೆ ಹೊಂದುವುದಿಲ್ಲ, ಹಾಗಾಗಿ ಸ್ಟೇರಿಂಗ್ ಮುಟ್ಟದೆ ಇದ್ದರೂ ಗಾಲಿ ತಿರುಗುತ್ತದೆ. 2010ರಲ್ಲಿ ಬಂದ ಥಾರ್‌ನಂತೆ ಟಾರ್ಷನ್ ಬಾರ್ ಇರುವ ಗಾಡಿಯಲ್ಲಿ ಬೋಲ್ಟ್ ತಿರುಗಿಸಿದರೆ ಪುಕ್ಕಟೆ ಎತ್ತರ ಸಿಗುತ್ತದೆಂದು ಮಾಡುತ್ತಾರೆ, ಆಮೇಲೆ ಸಿ.ವಿ. ಜಾಯಿಂಟಿಗೂ ಟೈರಾಡಿಗೂ ಸೇರಿ ದುಡ್ಡು ಕೊಡುತ್ತಾರೆ. ಒಂದು ಇಂಚು ಇಳಿಸಿ ನೋಡಿ. ಅಷ್ಟಕ್ಕೇ ಹಾವಾಟ ನಿಂತ ಗಾಡಿಗಳನ್ನು ಕಂಡಿದ್ದೇನೆ.

"ಟೈರಾಡಿಗೆ ಮ್ಯಾಲ ದಪ್ಪ ಸ್ಲೀವ್ ಹಾಕ್ಸಿದ್ರ ಬೆಂಡ್ ಆಗಂಗಿಲ್ಲ ಅಂತಾರ. ಖರೇನ್ರಿ?"

ಖರೆ. ಯಾಕೆಂದು ತಿಳಿದು ಹಾಕಿಸಿ. ಟೈರಾಡ್ ಆಕ್ಸಲಿನ ಮುಂದೆ ಇದ್ದರೆ, ಗಾಲಿಯ ಮೂಗು ಒಳಕ್ಕೆ ಬಂದಾಗ ಅದು ಎರಡು ಕಡೆಯಿಂದ ಒತ್ತಿಸಿಕೊಳ್ಳುತ್ತದೆ. ಒತ್ತಿದ ಕಡ್ಡಿ ನಡುವೆ ಬಾಗುತ್ತದೆ, ನಿಂತ ಬಿದಿರಿನ ಕೋಲಿನ ಮೇಲೆ ಭಾರ ಹೇರಿದಂತೆ. ಆಕ್ಸಲಿನ ಹಿಂದೆ ಇದ್ದರೆ ಜಗ್ಗಿಸಿಕೊಳ್ಳುತ್ತದೆ. ಆಗ ಕಡ್ಡಿ ಬಾಗುವುದಿಲ್ಲ, ಜಾಯಿಂಟ್ ಕಿತ್ತು ಬರುತ್ತದೆ. ಆದ್ದರಿಂದ ಸ್ಲೀವ್ ನೆರವಾಗುವುದು ಮುಖ್ಯವಾಗಿ ಮೊದಲ ಬಗೆಗೆ. ಬಾಗದಿರುವ ಶಕ್ತಿ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. ಕಡ್ಡಿಯನ್ನು ಬರೀ ಐದನೇ ಒಂದು ಪಾಲು ದಪ್ಪ ಮಾಡಿದರೆ ಆ ಶಕ್ತಿ ಎರಡು ಪಟ್ಟಾಗುತ್ತದೆ.

ಅಮೆರಿಕದಲ್ಲಿ ಡ್ಯೂರಾಮ್ಯಾಕ್ಸ್ ಇಂಜಿನ್ನಿನ ಷೆವ್ರೊಲೆ ಸಿಲ್ವರಾಡೊ ಟ್ರಕ್ಕುಗಳಿಗೆ ಇಂಥ ಸ್ಲೀವ್ ಹಾಕಿಸುವುದು ರೂಢಿ. ಅವುಗಳ ಮುಂಭಾಗ ಸ್ವತಂತ್ರ ಸಸ್ಪೆನ್ಷನ್ನಿನದು, 6.6 ಲೀಟರ್ ಡೀಸೆಲ್ಲಿನ ಬಲಕ್ಕೆ ಕಂಪನಿಯ ಟೈರಾಡ್ ಸೋಲುತ್ತಿತ್ತು. ಸ್ಲೀವ್ ಹಾಕಿದವರು ಅಷ್ಟಕ್ಕೇ ನಿಲ್ಲದೆ ಪಿಟ್‌ಮನ್ ಆರ್ಮಿಗೂ ಐಡ್ಲರ್ ಆರ್ಮಿಗೂ ಬ್ರೇಸ್ ಕೊಡುತ್ತಾರೆ. ಅದರಲ್ಲಿ ನಮಗೂ ಪಾಠವಿದೆ. ಒಂದನ್ನು ಗಟ್ಟಿ ಮಾಡಿದರೆ ಪೆಟ್ಟು ಮುಂದಿನ ಮೆತ್ತಗಿನ ಜಾಗಕ್ಕೆ ಹೋಗುತ್ತದೆ.

"ನಂದು ಹೈಲಕ್ಸ್, ಬಾಕ್ಸ್ ಇಲ್ಲ, ರ‍್ಯಾಕ್ ಅದ. ನಾ ಏನು ನೋಡ್ಬೇಕು?"

ಹೈಲಕ್ಸ್, ವಿ-ಕ್ರಾಸ್ ಎರಡರಲ್ಲೂ ರ‍್ಯಾಕ್ ಇದೆ, ಪಿಟ್‌ಮನ್ನೂ ಐಡ್ಲರೂ ಇಲ್ಲ. ಹಲ್ಲಿನ ಪಟ್ಟಿಯೊಂದು ಅಡ್ಡಕ್ಕೆ ಸರಿದು ನೇರವಾಗಿ ಟೈರಾಡನ್ನು ತಳ್ಳುತ್ತದೆ. ಹಾಗಾಗಿ ಎರಡು ಜಾಗ ಮುಖ್ಯ. ಒಂದು ರ‍್ಯಾಕನ್ನು ಹಿಡಿದಿರುವ ರಬ್ಬರ್ ಬುಶ್. ಅದು ಸಡಿಲಾದರೆ ಇಡೀ ರ‍್ಯಾಕ್ ಅಡ್ಡ ಸರಿಯುತ್ತದೆ. ಒಳಗೆ ಕೂತವರು ಸ್ಟೇರಿಂಗ್ ಆಡಿಸುವಾಗ ರ‍್ಯಾಕಿನ ಮೈ ಅಲುಗುವುದು ಕಣ್ಣಿಗೇ ಕಾಣುತ್ತದೆ. ಇನ್ನೊಂದು ಬೂಟಿನೊಳಗೆ ಅಡಗಿರುವ ಇನ್ನರ್ ಟೈರಾಡ್. ಬೂಟನ್ನು ಹೊರಗಿನಿಂದಲೇ ಹಿಂಡಿ ಹಿಡಿದು ಗಾಲಿಯನ್ನು 9 ಮತ್ತು 3ರಲ್ಲಿ ಅಲುಗಿಸಿದರೆ ಅದರ ಪ್ಲೇ ಬೆರಳಿಗೆ ಸಿಗುತ್ತದೆ. ಹೈಲಕ್ಸ್ ಆಟೋಮ್ಯಾಟಿಕ್ಕಿಗೆ 500 ನ್ಯೂಟನ್ ಮೀಟರ್, ಮ್ಯಾನುವಲ್ಲಿಗೆ 420. ಆಟೋಮ್ಯಾಟಿಕ್ ಇದ್ದವರು ಬ್ರೇಕ್ ತುಳಿದು ರೇಸ್ ಏರಿಸಿ ಬಿಡುವ ಚಟ ಇದ್ದರೆ ಇದನ್ನು ತಿಂಗಳಿಗೊಮ್ಮೆ ನೋಡಿಕೊಳ್ಳಿ.

"ಎತ್ತಿದಾಗ ಮೂಗು ಏಳದಂಗ ಮಾಡ್ಲಾಕ ಬರ್ತದೇನು?"

ಪೂರ್ತಿ ಬರುವುದಿಲ್ಲ, ಕಡಿಮೆ ಮಾಡಬಹುದು. ಟ್ರ್ಯಾಕ್ಟರಿನ ಮೂತಿಗೆ ಯಾಕೆ ತೂಕದ ಬಿಲ್ಲೆ ನೇತು ಹಾಕುತ್ತೀರಿ ಎಂದು ನಿಮಗೆ ಗೊತ್ತು. ಸ್ಲೆಡ್ ಎಳೆಯುವ ಟ್ರಕ್ಕಿನವರೂ ಅದನ್ನೇ ಮಾಡುತ್ತಾರೆ. ನಮ್ಮ ಗಾಡಿಯಲ್ಲಿ ಹಿಂದಿನ ಡಾಲಾದ ಭಾರವನ್ನು ಕ್ಯಾಬಿನ್ ಕಡೆಗೆ ಸರಿಸಿದರೂ ಫರಕು ಕಾಣುತ್ತದೆ. ಸೋರಿದ ಮುಂದಿನ ಶಾಕ್ ಅಬ್ಸರ್ಬರ್ ಬದಲಿಸಿ, ಅದು ಹಿಡಿದಷ್ಟು ಮೂಗು ನಿಧಾನ ಏಳುತ್ತದೆ. ಹಗ್ಗವನ್ನು ಟ್ರಾಲಿಗೆ ಕಟ್ಟುವಾಗ ಕೊಂಡಿ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು.

"ಸ್ಟೇರಿಂಗ್ ಉಳೀಬೇಕಂದ್ರ ಹೆಂಗ ಎತ್ತಬೇಕು?"

ಗಾಲಿ ನೆಟ್ಟಗಿಟ್ಟು. ಹೂತ ಗಾಡಿಯಲ್ಲಿ ಸ್ಟೇರಿಂಗನ್ನು ಅತ್ತಿಂದಿತ್ತ ಪೂರ್ತಿ ಎಳೆದಾಡುತ್ತ ರೇಸ್ ಒತ್ತುವುದು ನಮ್ಮ ಕಡೆಯ ದೊಡ್ಡ ತಪ್ಪು. ಎರೆ ಮಣ್ಣಿನ ಕೆಸರಿನಲ್ಲಿ ಗಾಲಿ ಸುಮ್ಮನೆ ತಿರುಗುತ್ತಿರುತ್ತದೆ. ಕೆಳಗೆ ಎಲ್ಲೋ ಒಂದು ಕಲ್ಲು ಸಿಕ್ಕ ಕ್ಷಣ ಆ ವೇಗವೆಲ್ಲ ಒಮ್ಮೆಲೇ ನಿಂತು ಟೈರಾಡಿಗೆ ಬಡಿಯುತ್ತದೆ. ನಾನು ಕಂಡ ಮುರಿದ ಟೈರಾಡುಗಳಲ್ಲಿ ಹೆಚ್ಚಿನವು ವೇಗದಲ್ಲಿ ಅಲ್ಲ, ಹೀಗೆ ಹೂತಲ್ಲೇ ಮುರಿದವು. ಗಾಲಿ ತಿರುಗಿ ಗಾಡಿ ಅಲುಗದಿದ್ದರೆ ರೇಸ್ ಬಿಡಿ, ಇಳಿಯಿರಿ, ಗಾಲಿಯ ಮುಂದಿನ ಮಣ್ಣು ತೋಡಿ ತೊಗರಿ ಕಟ್ಟಿಗೆಯ ಸಿವುಡು ಕೊಡಿ. ಸರಪಳಿಯಿಂದ ಜಗ್ಗುವಾಗಲೂ ಸಡಿಲು ಬಿಟ್ಟು ಹಾರಿ ಜಗ್ಗಬೇಡಿ. ಸರಪಳಿ ಬಿಗಿಯಾದ ಮೇಲೆ ಬಲ ಏರಿಸಿ.

"ಟೈರಾಡ್, ಎತ್ತರ ಎಲ್ಲಾ ಬದಲಿಸಿದ್ರ ಆರ್‌ಟಿಓದವ್ರು ಹಿಡೀತಾರೇನು?"

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ನಮೂನೆಯನ್ನು ಮೀರಿ ಗಾಡಿ ಬದಲಿಸುವಂತಿಲ್ಲ. ಸವೆದ ಭಾಗಕ್ಕೆ ಅದೇ ನಮೂನೆಯ ಹೊಸ ಭಾಗ ಹಾಕುವುದಕ್ಕೆ ಅಡ್ಡಿ ಇಲ್ಲ. ಎತ್ತರದ ಕಿಟ್, ಹೊರಚಾಚಿದ ಗಾಲಿ ಬೇರೆ ಮಾತು. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಅದೇ ಕಾಯ್ದೆಯ 189ನೇ ಕಲಮಿನಡಿ ಅಪರಾಧ. ಎತ್ತುವ ಆಸೆ ಇದ್ದವರು ಸ್ವಂತ ಹೊಲದಲ್ಲಿ, ಒಪ್ಪಿಗೆ ಪಡೆದ ಮೈದಾನದಲ್ಲಿ ಎತ್ತಿ. ರಿಂಗ್ ರೋಡಿನಲ್ಲಿ ಬೇಡ.

"ಹೊಲದಾಗ ಟೈರಾಡ್ ಮುರೀತು. ಮನಿತನಕ ಹೆಂಗ ತರ್ಲಿ?"

ಓಡಿಸಿಕೊಂಡು ತರಬೇಡಿ, ಒಂದು ಕಿಲೋಮೀಟರ್ ಆದರೂ. ರಸ್ತೆಯ ಅಂಚಿಗೆ ತರುವುದಷ್ಟೇ ನಿಮ್ಮ ಕೆಲಸ, ಅಲ್ಲಿಂದ ಗಾಡಿ ಹೇರುವ ಲಾರಿ ಕರೆಸಿ. ಟೂ ವ್ಹೀಲಿಗೆ ಹಾಕಿ. ಮುರಿದ ಕಡೆಯ ಗಾಲಿಯನ್ನು ಕೈಯಿಂದ ನೆಟ್ಟಗೆ ನಿಲ್ಲಿಸಿ, ನಕ್ಕಲ್ಲಿನ ಆರ್ಮಿನಿಂದ ಲೋವರ್ ಆರ್ಮಿಗೆ ಮುಂದೊಂದು ಹಿಂದೊಂದು ಸರಪಳಿ ಹಾಕಿ ಬಿಗಿಯಿರಿ. ಸಂದಿಯಲ್ಲಿ ಬೇವಿನ ಗಟ್ಟಿ ತುಂಡೊಂದನ್ನು ಬಡಿದರೆ ಸರಪಳಿ ಅಲುಗುವುದಿಲ್ಲ. ಬ್ರೇಕಿನ ಪೈಪು ಸರಪಳಿಯ ಕೆಳಗೆ ಸಿಕ್ಕಿಲ್ಲವೆಂದು ಕೈ ಹಾಕಿ ನೋಡಿ. ಮುಂದೆ ಕಟ್ಟಿದ ಟ್ರ್ಯಾಕ್ಟರ್, ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಸಾವಕಾಶ ಎಳೆಯಲಿ, ಗಾಡಿಯ ಅಕ್ಕಪಕ್ಕ ಯಾರೂ ನಡೆಯಬಾರದು. ಮುರಿದ ತುಂಡನ್ನು ಎಸೆಯದೆ ಗ್ಯಾರೇಜಿಗೆ ತನ್ನಿ. ಬಾಗಿ ಮುರಿದಿದೆಯೋ, ಜಗ್ಗಿ ಕಿತ್ತಿದೆಯೋ, ಹಳೆಯ ಬಿರುಕಿನಲ್ಲಿ ತುಕ್ಕು ಹಿಡಿದಿತ್ತೋ ಎಂಬುದನ್ನು ಆ ಮುಖ ನೋಡಿಯೇ ಹೇಳಬೇಕು, ಮತ್ತು ಮುಂದೆ ಏನು ಬದಲಿಸಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ.